ರೇಡಿಯೊದಲ್ಲಿ ಹೂಂ ಅನ್ನಬಾರದು

ನನ್ನ ಅಕ್ಕ ನನ್ನ ಜೊತೆ ಮಾತು ಬಿಟ್ಟು ಮೂರು ವರ್ಷ ತುಂಬುವ ಹೊತ್ತಿಗೆ ನಮ್ಮ ತೋಟಗಳಿಗೆ ರೇಡಿಯೊ ಬಂತು. ಹಾಡು ಕೇಳುವ ರೇಡಿಯೊ ಅಲ್ಲ, ಮಾತಾಡುವ ರೇಡಿಯೊ. ಇದನ್ನು ಬರೆಯುವಾಗ ನನಗೆ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಅದನ್ನು ಹೇಗೆ ಬಳಸಬೇಕೆಂದು ಊರಿಗೆಲ್ಲ ಪಾಠ ಮಾಡಿದವಳು ನಾನು, ಅದರ ಮೊದಲ ಪಾಠವನ್ನೇ ಕಲಿಯದೆ ಉಳಿದವಳೂ ನಾನೇ.

ಅಕ್ಕನ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ಹಳ್ಳ, ಎರಡು ಬದು. ಇಂಡಿಯಿಂದ ಸಾಲೋಟಗಿ ಕಡೆ ಹೋಗುವ ದಾರಿ ಬಿಟ್ಟು ಒಳಗೆ ತಿರುಗಿದರೆ ನಿಂಬೆ ತೋಟಗಳು, ತೋಟದೊಳಗೆ ವಸ್ತಿಗಳು. ಹೊಲದಲ್ಲೇ ಮನೆ ಕಟ್ಟಿಕೊಂಡಿರುವುದಕ್ಕೆ ನಮ್ಮ ಕಡೆ ವಸ್ತಿ ಅನ್ನುತ್ತಾರೆ. ಅಕ್ಕನ ಗಂಡ ಅಣ್ಣ, ನನ್ನ ಗಂಡ ತಮ್ಮ. ಮನಗೂಳಿಯ ನಮ್ಮಪ್ಪ ಇಬ್ಬರನ್ನೂ ಒಂದೇ ಮನೆಗೆ ಕೊಟ್ಟು, "ಜಗಳಾಡಿದ್ರ ತಾವ ತಾವ ಆಡ್ಕೋತಾವ, ಮಂದಿಗೆ ತ್ರಾಸಿಲ್ಲ" ಅಂದಿದ್ದನಂತೆ. ಅಪ್ಪನ ಮಾತು ಸುಳ್ಳಾಗಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಈಗ ನಿವೃತ್ತಿಯಾಗಿದೆ. ಸಾಲಿ ಬಿಟ್ಟರೂ ದನಿ ಬಿಡಲಿಲ್ಲ, ಮೂಗಿನ ತುದಿಯ ಸಿಟ್ಟನ್ನಂತೂ ಪೆನ್ಶನ್ ಜೊತೆಗೇ ಮನೆಗೆ ತಂದೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಆಕೆ ಓದಿದ್ದು ನಾಲ್ಕನೇ ಇಯತ್ತೆವರೆಗೆ ಮಾತ್ರ. ಅವ್ವ ಹಾಸಿಗೆ ಹಿಡಿದಾಗ ಯಾರಾದರೊಬ್ಬರು ಒಲೆಯ ಮುಂದೆ ಕೂರಬೇಕಾಗಿತ್ತು. ಅಕ್ಕ ಕೂತಳು, ನಾನು ಸಾಲಿಗೆ ಹೋದೆ. ಯಾರೂ ಆಕೆಯನ್ನು ಕೇಳಲಿಲ್ಲ, ಆಕೆ ತಾನಾಗಿ ಏನೂ ಹೇಳಲಿಲ್ಲ.

ಸಾಲಿಯ ಸೂಟಿ ದಿನಗಳಲ್ಲಿ ಜೋಳದ ಹೊಲದಲ್ಲಿ ಹಕ್ಕಿ ಕಾಯಲು ನಮ್ಮಿಬ್ಬರನ್ನೂ ಅಟ್ಟದ ಮೇಲೆ ಹತ್ತಿಸುತ್ತಿದ್ದರು. ಅಲ್ಲಿ ಸಾಲಿಯಲ್ಲಿ ಕಲಿತದ್ದನ್ನೆಲ್ಲ ನಾನು ಅಕ್ಕನಿಗೆ ಹೇಳುತ್ತಿದ್ದೆ. ಅದು ಮುಗಿದರೆ ಕತೆ. ಕುಂಟ ಎತ್ತೊಂದು ಬಸವನ ಬಾಗೇವಾಡಿ ಸಂತೆ ನೋಡಬೇಕು ಅಂತ ಒಂದೇ ಹಟ ಹಿಡಿದು ಹೊರಟ ಕತೆ, ನಾನೇ ಕಟ್ಟಿದ್ದು. ಅಕ್ಕ ಕವಣೆ ತಿರುಗಿಸುತ್ತ ಪ್ರತಿ ಮಾತಿಗೂ "ಹೂಂ" ಅನ್ನುವಳು. ನಮ್ಮಲ್ಲಿ ಕತೆ ಹೇಳುವವರಿಗೆ ಹೂಂ ಬೇಕೇ ಬೇಕು, ಹೂಂ ಇಲ್ಲದಿದ್ದರೆ ಕತೆ ಮುಂದೆ ಸಾಗುವುದಿಲ್ಲ. ಮಧ್ಯಾಹ್ನದ ಬಿಸಿಲಿಗೆ ಆಕೆಗೆ ಜೋಂಪು ಹತ್ತಿ ಹೂಂ ನಿಂತ ಕಡೆ ನಾನೂ ನಿಲ್ಲಿಸುತ್ತಿದ್ದೆ. ಹಾಗಾಗಿ ಆ ಎತ್ತು ಒಮ್ಮೆಯೂ ಬಾಗೇವಾಡಿ ಮುಟ್ಟಲಿಲ್ಲ.

ಇಂಥ ಅಕ್ಕನ ಜೊತೆ ನಾನು ಜಗಳ ಮಾಡಿಕೊಂಡದ್ದು ಆಕೆಯ ಮಗಳ ಮದುವೆಯಲ್ಲಿ. ಮದುವೆ ಮುದ್ದೇಬಿಹಾಳದಲ್ಲಿ, ಬೀಗರ ಊರಲ್ಲಿ. ನಮ್ಮ ಕಡೆಯವರ ಬಸ್ಸು ತಡವಾಗಿ ಬಂತು, ಅಕ್ಷತೆಯ ಹೊತ್ತು ಮೀರುತ್ತಿತ್ತು. ಬಸ್ಸಿನ ಹೊತ್ತು ಹೇಳುವ ಕೆಲಸ ಅಕ್ಕನದು. ನಾನು ಮಂಟಪದಲ್ಲೇ, ಬೀಗರೆಲ್ಲರ ಮುಂದೆ, ಹೋಮ್‌ವರ್ಕ್ ಮಾಡದ ಹುಡುಗಿಯನ್ನು ಬಯ್ದ ಹಾಗೆ ಶುರು ಮಾಡಿದೆ.

"ಒಂದ್ ಬಸ್ಸಿನ ಟೈಮ್ ಹೇಳಾಕ ಬರೂದಿಲ್ಲೇನ ನಿನಗ?"

"ಒಂದ್ ಮಾತ ಕೇಳ ಇಲ್ಲೆ," ಅಂದಳು ಅಕ್ಕ, ಮೆಲ್ಲಗೆ.

"ಕೇಳೂದೇನೈತಿ? ಮಾಡೂದೆಲ್ಲ ಮಾಡಿ ಈಗ ಕೇಳಂತಿ!"

ಅಕ್ಕ ನನ್ನ ಮುಖವನ್ನೇ ನೋಡಿದಳು. "ನಿನ್ನ ಬಾಯಿ ನಿಂತಾಗ ಕರಿ, ಬರ್ತೇನಿ," ಅಂದು ಅಕ್ಕಿಕಾಳಿನ ತಾಟು ಹಿಡಿದುಕೊಂಡು ಒಳಗೆ ಹೋದಳು. ಬಸ್ಸಿನ ಹೊತ್ತು ಬದಲಿಸಿದ್ದು ಬೀಗರಂತೆ. ಅವರ ಮುಂದೆ ಅದನ್ನು ಆಡಿ ತೋರಿಸಿ ಮರ್ಯಾದೆ ಕಳೆಯಬಾರದೆಂದು ಅಕ್ಕ ತಡೆದುಕೊಂಡಿದ್ದಳು. ಇದು ನನಗೆ ಗೊತ್ತಾದದ್ದು ಎರಡು ದಿನದ ಮೇಲೆ. ಆಗಲಾದರೂ ಹೋಗಿ ತಪ್ಪಾಯಿತು ಅನ್ನಬಹುದಿತ್ತು. ಅನ್ನಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಹುಡುಗರಿಗೆ ಗಾದೆ ಬರೆಸಿದ ಕೈ ಇದು, ನೋಡ್ರಿ.

ಮಾತು ಬಿಟ್ಟರೂ ಡಬ್ಬಿ ಬಿಡಲಿಲ್ಲ. ಪಂಚಮಿಗೆ ಅಕ್ಕನ ಮನೆಯಿಂದ ಶೇಂಗಾದ ಹೋಳಿಗೆ, ಎಳ್ಳಮಾಸೆಗೆ ಸಜ್ಜಿ ಕಡುಬು ಹಳ್ಳ ದಾಟಿ ಬರುತ್ತಿತ್ತು. ತುಂಬಿ ಬಂದ ಡಬ್ಬಿಯನ್ನು ಬರಿದು ಕಳಿಸುವುದು ನಮ್ಮಲ್ಲಿ ಹೊಂದುವುದಿಲ್ಲ. ನಾನು ನಿಂಬೆ ಉಪ್ಪಿನಕಾಯಿಯನ್ನೋ ಗುರೆಳ್ಳು ಚಟ್ನಿಪುಡಿಯನ್ನೋ ತುಂಬಿ ಕಳಿಸುತ್ತಿದ್ದೆ. ಡಬ್ಬಿ ಹೊತ್ತು ತಿರುಗುವ ಕೆಲಸ ನನ್ನ ಗಂಡನದು. "ನಿಮ್ಮ ಅಕ್ಕತಂಗೇರ ನಡುವ ನಾ ಪೋಸ್ಟಮನ್ ಆಗೇನಿ," ಅನ್ನುತ್ತಿದ್ದರು. ಡಬ್ಬಿ ಓಡಾಡುವವರೆಗೆ ಸಂಬಂಧ ಪೂರ್ತಿ ಕೆಟ್ಟಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೆ ಹಳ್ಳದ ಆಚೆ ಅಕ್ಕ ಸೊಪ್ಪು ಕೊಯ್ಯುವುದನ್ನು ಕಂಡರೆ ಕೈಯ ಕೆಲಸ ಬಿಟ್ಟು ಬದುವಿನವರೆಗೆ ಹೋಗಿ ತಿರುಗಿ ಬರುತ್ತಿದ್ದೆ.

ರೇಡಿಯೊ ಬಂದದ್ದು ಚಾಚಾನ ತಲೆಯಿಂದ. ಚಾಚಾ ಅಂದರೆ ನಮ್ಮ ಬದುವಿನ ಪಕ್ಕದ ನಿಂಬೆ ತೋಟದ ಹಿರಿಯರು, ನಾಲ್ಕಾರು ತಲೆಮಾರಿನಿಂದ ಇಲ್ಲಿಯವರೇ. ವಯಸ್ಸು ಎಪ್ಪತ್ತು ದಾಟಿದೆ, ನಾಲಿಗೆ ಮಾತ್ರ ಇಪ್ಪತ್ತರದು. ನಮ್ಮ ವಸ್ತಿಗಳು ತಗ್ಗಿನಲ್ಲಿರುವುದರಿಂದ ಮೊಬೈಲಿಗೆ ಸಿಗ್ನಲ್ ಇಲ್ಲ. ತ್ರೀಫೇಸ್ ಕರೆಂಟ್ ಬಂತೋ ಇಲ್ಲವೋ, ನಿಂಬೆ ಒಯ್ಯುವ ಟೆಂಪೊ ಎಲ್ಲಿದೆ, ಯಾರ ಆಕಳು ಯಾರ ಹೊಲ ಹೊಕ್ಕಿದೆ, ಎಲ್ಲಕ್ಕೂ ದಿಬ್ಬ ಹತ್ತಿ ಕೂಗಬೇಕು. ಸಿಂದಗಿಯಲ್ಲಿ ಚಾಚಾನ ಅಳಿಯನ ಗೆಳೆಯರೊಬ್ಬರು ಹಳೆಯ ಲಾರಿಗಳನ್ನು ಮಾರುವಾಗ ಬಿಚ್ಚಿಟ್ಟ ಐದು ರೇಡಿಯೊ ಸೆಟ್ ಇದ್ದವು. ಚಾಚಾ ಮತ್ತು ನನ್ನ ಗಂಡ ಹೋಗಿ ಅವನ್ನು ಚೀಲದಲ್ಲಿ ಕಟ್ಟಿಕೊಂಡು ಬಂದರು. ಜನಸಾಮಾನ್ಯರ ಬಳಕೆಗೆ ಅಂತಲೇ ಬಿಟ್ಟಿರುವ ಇಪ್ಪತ್ತೇಳು ಮೆಗಾಹರ್ಟ್ಸ್ ಪಟ್ಟಿಯ ಸೆಟ್ಟುಗಳು ಅವು. ಕಡಿಮೆ ಶಕ್ತಿಯ ಸೆಟ್ಟಿಗೆ ಲೈಸೆನ್ಸ್ ಬೇಕಿಲ್ಲ ಅನ್ನುವುದನ್ನು ನಿಯಮ ತೆಗೆದು ಓದಿ ಖಾತ್ರಿ ಮಾಡಿಕೊಂಡ ಮೇಲೆಯೇ ನಾನು ಒಪ್ಪಿದ್ದು. ಟೀಚರ್ ಅಂದಮೇಲೆ ಅಷ್ಟಾದರೂ ಮಾಡಬೇಕಲ್ಲ.

ಐದು ಸೆಟ್ಟಿನಲ್ಲಿ ಒಂದು ನಮಗೆ, ಒಂದು ಚಾಚಾನಿಗೆ, ಒಂದು ನನ್ನ ಗಂಡ ಓಡಿಸುವ ಟೆಂಪೊಗೆ, ಒಂದು ದಿಬ್ಬದ ಮೇಲಿನ ವಸ್ತಿಗೆ. ಐದನೆಯದನ್ನು ಅಕ್ಕನ ಗಂಡ, ಅಂದರೆ ನನ್ನ ಭಾವ, ತೆಗೆದುಕೊಂಡು ಹೋದರು. ಅಂದು ನನಗೆ ಊಟ ಸೇರಲಿಲ್ಲ. ಒಂದೇ ಚಾನೆಲ್ಲಿನಲ್ಲಿ ಅಕ್ಕನ ಕಿವಿಯೂ ನನ್ನ ಬಾಯಿಯೂ ಕೂಡಿ ಇರುವುದೆಂದರೆ ಏನಾದರೂ ಒಂದು ದಿನ ಆದೀತು ಅಂತ ಆಸೆ ಹುಟ್ಟಿತ್ತು.

ಚಾಚಾನ ಹುಣಸೆ ಮರದ ಕೆಳಗೆ ಎಲ್ಲರನ್ನೂ ಕೂಡಿಸಿ ಪಾಠ ಶುರು ಮಾಡಿದೆ. ಅಕ್ಕ ಬರಲಿಲ್ಲ, ಭಾವನನ್ನು ಕಳಿಸಿದ್ದಳು. ಮೊದಲು ಆಂಟೆನಾ. "ಆಂಟೆನಾ ಹಚ್ಚೂತನಕ ಮೈಕಿನ ಗುಂಡಿ ಒತ್ತಬ್ಯಾಡ್ರಿ, ಸೆಟ್ ಒಳಗ ಸುಟ್ಟು ಹೋಗ್ತೈತಿ," ಅಂದೆ. ಈ ಅಲೆಯ ಉದ್ದ ಸುಮಾರು ಹನ್ನೊಂದು ಮೀಟರ್, ಅದರ ಕಾಲು ಭಾಗ ಅಂದರೆ ಒಂಬತ್ತು ಅಡಿ ತಂತಿ, ಅದನ್ನು ಬಿದಿರಿನ ಗಳಕ್ಕೆ ಕಟ್ಟಿ ಮೇಲೆ ನಿಲ್ಲಿಸಬೇಕು, ಎಷ್ಟು ಎತ್ತರವೋ ಅಷ್ಟು ದೂರ ಮಾತು ಹೋಗುತ್ತದೆ ಅಂತ ಬಿಡಿಸಿ ಹೇಳಿದೆ. "ಅಕ್ಕೋರ, ಹಂಗಾರ ಮಿನಾರದ ಮ್ಯಾಲೆ ಕಟ್ಟಿದ್ರ ಮೆಕ್ಕಾತನಕ ಹೋಗ್ತೈತೇನು?" ಅಂದರು ಚಾಚಾ. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಪಾಠದ ನಡುವೆ ನಗುವ ಅಭ್ಯಾಸ ನನಗಿಲ್ಲ.

ಆಮೇಲೆ ಮಾತಿನ ನಿಯಮಗಳು. ಮೊದಲು ಕೇಳು, ಚಾನೆಲ್ ಖಾಲಿ ಇದ್ದರೆ ಮಾತ್ರ ಗುಂಡಿ ಒತ್ತು. ಒತ್ತಿದ ಕೂಡಲೇ ಬಾಯಿ ಬಿಡಬೇಡ, ಒಂದು ಉಸಿರು ತಡಿ, ಇಲ್ಲದಿದ್ದರೆ ಮೊದಲ ಮಾತು ನುಂಗಿ ಹೋಗುತ್ತದೆ. ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿ, ಒದರಬೇಡ. ಯಾರೂ ಮಾತಾಡದಾಗ ಬರುವ ಸರ್ ಅನ್ನುವ ಸದ್ದು ಕಿರಿಕಿರಿಯಾದರೆ ಸ್ಕ್ವೆಲ್ಚ್ ಅನ್ನುವ ತಿರುಪು ತಿರುಗಿಸು, ಅತಿಯಾಗಿ ತಿರುಗಿಸಿದರೆ ದೂರದ ದನಿಯೂ ಮುಚ್ಚಿಹೋಗುತ್ತದೆ. ಚುಟುಕಾಗಿ ಮಾತಾಡು. ಮುಗಿದ ಮೇಲೆ "ಓವರ್" ಅಂದು ಗುಂಡಿ ಬಿಡು. ಗುಂಡಿ ಒತ್ತಿಕೊಂಡು ಸುಮ್ಮನೆ ಕೂತರೆ ಬೇರೆ ಯಾರೂ ಮಾತಾಡಲಾಗದು. ಎಲ್ಲಕ್ಕಿಂತ ದೊಡ್ಡದು: ಗುಂಡಿ ಒತ್ತಿದಾಗ ನೀನು ಮಾತಾಡಬಹುದೇ ಹೊರತು ಕೇಳಿಸಿಕೊಳ್ಳಲಾಗದು. ಇದನ್ನು ಮೂರು ಸಲ ಹೇಳಿದೆ, ಎಲ್ಲರ ಬಾಯಲ್ಲೂ ಹೇಳಿಸಿದೆ.

ಒಬ್ಬೊಬ್ಬರಿಗೆ ಒಂದು ಕರೆಯುವ ಹೆಸರು ಬೇಕು ಅಂದೆ. ಚಾಚಾ "ಹುಣಸಿಗಿಡ" ಆದರು. ನನ್ನ ಗಂಡ "ಟೆಂಪೊ". ನನಗೆ "ಅಕ್ಕೋರು" ಅಂತಲೇ ಇಟ್ಟರು. ಅಕ್ಕನಿಗೆ ಏನಿಡೋಣ ಅಂತ ಭಾವನ ಕೈಲಿ ಕೇಳಿಸಿದರೆ, "ನಾ ಮಾತಾಡಾಕಿ ಅಲ್ಲ, ಕೇಳಾಕಿ. ನನಗ್ಯಾಕ ಹೆಸರು?" ಅಂದಳಂತೆ. ಸೊಕ್ಕು ನೋಡು ಅಂದುಕೊಂಡೆ.

ಮೊದಲ ವಾರ ಬಲು ಮಜವಾಗಿತ್ತು. ಚಾಚಾ ತಮ್ಮ ಮನೆಯವರಿಗೆ ಕೊತ್ತಂಬರಿ ಬೇಕೆಂದು ಎಲ್ಲ ಸೆಟ್ಟಿಗೂ ಸಾರಿದರು, ಸಂಜೆಗೆ ನಾಲ್ಕು ಕಟ್ಟು ಬಂದು ಬಿದ್ದವು. ಒಂದು ಮಧ್ಯಾಹ್ನ ಎಲ್ಲಿಂದಲೋ ಯಾರಿಗೂ ತಿಳಿಯದ ಭಾಷೆಯ ದನಿಯೊಂದು ತೇಲಿ ಬಂತು. ಕೆಲವು ದಿನ ಈ ಅಲೆಗಳು ಆಕಾಶದ ಮೇಲಿನ ಪದರಕ್ಕೆ ಬಡಿದು ದೇಶ ದಾಟಿ ಬಂದು ಇಳಿಯುತ್ತವೆ. ಇದನ್ನು ನಾನು ವಿವರಿಸುವ ಮೊದಲೇ ಚಾಚಾ ಗುಂಡಿ ಒತ್ತಿ, "ಸಲಾಂ ಸಾಹೇಬ್ರ, ಇಂಡಿಯೊಳಗ ಎಲ್ಲಾ ಆರಾಮ ಐತಿ, ನಿಮ್ಮ ಕಡೆ ಮಳಿ ಹೆಂಗೈತ್ರಿ? ಓವರ್," ಅಂದುಬಿಟ್ಟಿದ್ದರು.

ತೊಂದರೆ ಬಂದದ್ದು ಹೂಂನಿಂದ. ನಮ್ಮಲ್ಲಿ ಎದುರಿನವರು ಮಾತಾಡುವಾಗ ಬಾಯಿ ಮುಚ್ಚಿಕೊಂಡಿದ್ದರೆ ಅವರಿಗೆ ಅವಮಾನ ಮಾಡಿದ ಹಾಗೆ. ಕೇಳುವವರು "ಹೂಂ, ಹೌದ್ರಿ, ಹೂಂ" ಅನ್ನುತ್ತಲೇ ಇರಬೇಕು. ಆ ಅಭ್ಯಾಸ ಸೆಟ್ಟಿಗೂ ಹತ್ತಿತು. ಒಬ್ಬರು ಮಾತಾಡುವಾಗ ಉಳಿದ ನಾಲ್ಕು ಸೆಟ್ಟಿನವರೂ ಮರ್ಯಾದೆಗೆ ಗುಂಡಿ ಒತ್ತಿ ಹೂಂ ಅನ್ನುವರು. ಒಂದೇ ಚಾನೆಲ್ಲಿನಲ್ಲಿ ಇಬ್ಬರು ಒಟ್ಟಿಗೆ ಒತ್ತಿದರೆ ಎರಡು ಅಲೆ ಬಡಿದಾಡಿ ಕೀಂ ಅಂತ ಶಿಳ್ಳೆ ಹೊಡೆಯುತ್ತದೆ, ಮಾತು ಚೂರುಚೂರಾಗುತ್ತದೆ. ಲಾರಿ ಓಡಿಸುವವರು ಇಂಥ ತಪ್ಪು ಮಾಡಲಾರರು, ಇಷ್ಟು ಮರ್ಯಾದೆ ನಮ್ಮ ತೋಟದವರಿಗೆ ಮಾತ್ರ. ಮತ್ತೆ ಹುಣಸೆ ಮರದ ಕೆಳಗೆ ಕೂಡಿಸಿದೆ. "ರೇಡಿಯೊದಾಗ ಹೂಂ ಅನ್ನಬಾರದು! ಹೂಂ ಅನ್ನೂದಿದ್ರ ಮನ್ಯಾಗ ಅನ್ರಿ, ಗುಂಡಿ ಮುಟ್ಟಬ್ಯಾಡ್ರಿ," ಅಂದೆ. "ಹೂಂ," ಅಂದರು ಎಲ್ಲರೂ. ತಲೆ ಚಚ್ಚಿಕೊಂಡೆ.

ಅಂತೂ ಎಲ್ಲರೂ ಬಿಟ್ಟರು. ಆಗ ನಾನು ಬೆಳಗಿನ ಸುದ್ದಿ ಶುರು ಮಾಡಿದೆ. ದಿನಾ ಏಳು ಗಂಟೆಗೆ ಮೈಕು ಹಿಡಿದು ಕರೆಂಟಿನ ಪಾಳಿ, ಮೋಡದ ಲಕ್ಷಣ, ಪತ್ರಿಕೆಯ ತಲೆಬರಹ, ಅದರ ಮೇಲೆ ನನ್ನ ಅಭಿಪ್ರಾಯ, ಆ ಅಭಿಪ್ರಾಯಕ್ಕೆ ಒಂದು ಉದಾಹರಣೆ, ಹೀಗೆ ಹೇಳುತ್ತ ಹೋಗುತ್ತಿದ್ದೆ. ಚುಟುಕಾಗಿ ಮಾತಾಡಿ ಅಂದವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಗುಂಡಿ ಬಿಟ್ಟ ಕೂಡಲೇ ಚಾಚಾನ ದನಿ ಬರುತ್ತಿತ್ತು: "ಅಕ್ಕೋರ, ನಿಮ್ಮ ಸುದ್ದಿ ಮುಗಿಯೂದ್ರಾಗ ನಮ್ಮ ಮೋಟರ್ ಸುರು ಆಗಿ ಬಂದ್ ಆತ್ರಿ. ಓವರ್."

ನಿಜ ಹೇಳುತ್ತೇನೆ, ಆ ಸುದ್ದಿಯನ್ನು ನಾನು ಓದುತ್ತಿದ್ದದ್ದು ಒಬ್ಬಳಿಗಾಗಿ. ಸಾಲಿಯ ಪಾಠವನ್ನು ಅಟ್ಟದ ಮೇಲೆ ಹೇಳುತ್ತಿದ್ದ ಹಾಗೆ. ಅಕ್ಕ ಕೇಳುತ್ತಿದ್ದಾಳೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಂದು ದಿನ ಒಂದು ಮಾತಾದರೂ ಆಡುತ್ತಾಳೆ ಅಂತ ಕಾಯುತ್ತಿದ್ದೆ.

ಎರಡು ವಾರ ಕಳೆದ ಮೇಲೆ ನನ್ನ ಗಂಡ ಊಟಕ್ಕೆ ಕೂತಾಗ ಅಂದರು: "ನೀ ಸುದ್ದಿ ಹೇಳೂವಾಗ ನಡನಡುವ ಕೀಂ ಅಂತೈತಿ. ಯಾರೋ ಹೂಂ ಅಂತಾರ."

"ಯಾರು?"

"ಯಾರೋ," ಅಂದು ಅವರು ರೊಟ್ಟಿ ಮುರಿದರು. "ಅನ್ಲಿ ಬಿಡು. ಮಾತು ತಿಳೀತೈತಿ."

ನನ್ನ ಪಿತ್ತ ನೆತ್ತಿಗೇರಿತು. ಎರಡೆರಡು ಸಲ ಪಾಠ ಮಾಡಿದ್ದೇನೆ, ಎಲ್ಲರ ಬಾಯಲ್ಲೂ ಹೇಳಿಸಿದ್ದೇನೆ, ಆದರೂ ಯಾರಿಗೋ ನನ್ನ ಮಾತೆಂದರೆ ಲೆಕ್ಕಕ್ಕಿಲ್ಲ! ಮರುದಿನ ಏಳಕ್ಕೆ ಗುಂಡಿ ಒತ್ತಿದವಳು ಸುದ್ದಿ ಬಿಟ್ಟು ಇದನ್ನೇ ಹಿಡಿದೆ. "ಯಾರ್ರೀ ಅದು, ನನ್ನ ಮಾತಿನ ನಡುವ ಹೂಂ ಅನ್ನಾವ್ರು? ಮೈಮ್ಯಾಲೆ ಖಬರ ಇಲ್ಲೇನು? ಸಣ್ಣ ಹುಡುಗರಿಗೆ ಇಷ್ಟು ಹೇಳಿದ್ರ ತಲಿಗೆ ಹೋಗ್ತಿತ್ತು. ಕಲಿಯೂದು ಆಗದಿದ್ರ ಸೆಟ್ ಬಂದ್ ಮಾಡಿ ಒಲಿ ಮುಂದ ಹೋಗಿ ಕುಂದರ್ರಿ! ಓವರ್!"

ಗುಂಡಿ ಬಿಟ್ಟೆ. ಬಿಸಿ ಮುಟ್ಟಿತು ಅಂದುಕೊಂಡು ಹೆಮ್ಮೆಯಿಂದ ಚಹಾ ಕುಡಿದೆ. ಮರುದಿನದಿಂದ ಕೀಂ ಅನ್ನುವುದು ನಿಂತಿತು. "ಈಗ ಹೆಂಗೈತಿ?" ಅಂತ ಗಂಡನನ್ನು ಕೇಳಿದರೆ, "ಸ್ವಚ್ಛ ಐತಿ," ಅಂದು ಅತ್ತ ತಿರುಗಿದರು.

ನಾಲ್ಕು ದಿನದ ಮೇಲೆ ಡಬ್ಬಿ ಬಂತು. ನಾನು ಮಾವಿನ ಚಟ್ನಿ ತುಂಬಿ ಕಳಿಸಿದ್ದ ನನ್ನದೇ ಸ್ಟೀಲಿನ ಡಬ್ಬಿ. ತೊಳೆದು, ಒರೆಸಿ, ಬಿಸಿಲಿಗೆ ಒಣಗಿಸಿ ಕಳಿಸಿದ್ದಳು. ಮುಚ್ಚಳ ತೆಗೆದರೆ ಒಳಗೆ ಏನೂ ಇರಲಿಲ್ಲ. ಚಿಟಿಕೆ ಸಕ್ಕರೆಯನ್ನೂ ಹಾಕಿರಲಿಲ್ಲ. ಮೂರು ವರ್ಷದ ಮುನಿಸಿನಲ್ಲೂ ಅಕ್ಕ ಹೀಗೆ ಮಾಡಿರಲಿಲ್ಲ. ನಾನು ಆ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಚಾಚಾನ ತೋಟಕ್ಕೆ ಹೋದೆ.

ಚಾಚಾ ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಕುಂದರ್ರಿ ಅಕ್ಕೋರ," ಅಂದರು. "ಗುಂಡಿ ಒತ್ತಿದಾಗ ಏನಾಗೂದಿಲ್ಲ ಅಂತ ಹೇಳಿದ್ರಿ ನೀವು ಪಾಠದಾಗ?"

"ಕೇಳಂಗಿಲ್ಲ ಅಂದಿದ್ದೆ."

"ಹಾಂ. ನೀವು ಮಾತಾಡೂವಾಗ ನಿಮಗೊಬ್ಬರಿಗೆ ಕೇಳ್ತಿದ್ದಿಲ್ಲ. ನಮಗೆಲ್ಲಾ ಕೇಳ್ತಿತ್ತು. ಆ ಕೀಂ ಒಳಗ ಒಂದು ಹೂಂ ಇರ್ತಿತ್ತು. ಹೆಣ್ಣಮಗಳ ಹೂಂ. ನೀವು ಒಂದ್ ಮಾತು ಮುಗಿಸಿದ್ರ ಒಂದ್ ಹೂಂ, ಮತ್ತೊಂದು ಮುಗಿಸಿದ್ರ ಮತ್ತೊಂದು. ಬ್ಯಾರೆ ಯಾರ ಮಾತಿಗೂ ಇಲ್ಲ, ನಿಮ್ಮ ಮಾತಿಗಷ್ಟ. ಯಾರದಂತ ನಾ ಹೇಳಬೇಕೇನ್ರಿ?"

ನನ್ನ ಕೈಯ ಡಬ್ಬಿಯ ಮುಚ್ಚಳ ಕೆಳಗೆ ಬಿತ್ತು. "ಯಾಕ ಹೇಳಲಿಲ್ಲ ನನಗ?" ಅಂತ ಅವರ ಮೇಲೂ ಸಿಟ್ಟು ಮಾಡಿದೆ. ಅಂಥ ಹೊತ್ತಿನಲ್ಲೂ ನನಗೆ ಬರುವುದು ಅದೊಂದೇ.

"ಹೇಳಿದ್ರ ನೀವು ಮೈಕ್ ಹಿಡಿದು ಏನರ ಅಂತಿದ್ರಿ, ಆಕಿ ಗಪ್ಪ ಆಗ್ತಿದ್ಳು. ಬಿಟ್ರ ಇಂದಿಲ್ಲ ನಾಳೆ ಹೂಂ ಹೋಗಿ ಮಾತಾದೀತು ಅಂತ ನಾವೆಲ್ಲಾ ಕಾಯಾಕತ್ತಿದ್ವಿ. ನಮ್ಮ ಮನಿಯಾಕಿ ದಿನಾ ಮುಂಜಾನೆ ಚಹಾ ಬಿಟ್ಟು ಸೆಟ್ ಮುಂದ ಕುಂದರ್ತಿದ್ಳು, ನಿಮ್ಮ ಸುದ್ದಿಗಲ್ಲ, ಆ ಹೂಂ ಕೇಳಾಕ."

ಒಲೆಯ ಮುಂದೆ ಹೋಗಿ ಕೂರು ಅಂದಿದ್ದೆ ನಾನು. ನನ್ನ ಸಾಲಿಗಾಗಿ ಹತ್ತು ವರ್ಷದವಳಿದ್ದಾಗಲೇ ಒಲೆಯ ಮುಂದೆ ಕೂತವಳಿಗೆ, ಕಲಿಯೂದು ಆಗದಿದ್ದರೆ ಅಂದಿದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ. ಅಳುವುದಕ್ಕೆ ನಾಚಿಕೊಳ್ಳಲಿಲ್ಲ, ದಾರಿಯಲ್ಲಿ ಇದ್ದದ್ದು ಮೇಕೆಗಳಷ್ಟೇ.

ಅಂದು ಸಂಜೆಯೇ ಹಳ್ಳ ದಾಟಿ ಅಕ್ಕನ ವಸ್ತಿಗೆ ಹೋದೆ. ಮೂರು ವರ್ಷದಲ್ಲಿ ಮೊದಲ ಸಲ. ಅಕ್ಕ ಬಾಗಿಲಲ್ಲೇ ಇದ್ದಳು. ಬಯ್ಯಲಿಲ್ಲ, ಮುಖ ತಿರುವಲಿಲ್ಲ. ಚಾಪೆ ಹಾಸಿದಳು, ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ತಂದಿಟ್ಟಳು, ದನದ ಕೊಟ್ಟಿಗೆಗೆ ಹೋಗಿಬಿಟ್ಟಳು. ಎವ್ವಾ, ಆ ಬೆಲ್ಲ! ಚಂದಾ ಕೇಳಲು ಬಂದ ಪರವೂರಿನವರಿಗೆ ಕೊಡುವಂಥ ಮರ್ಯಾದೆ. ಎರಡು ಏಟು ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಕತ್ತಲಾಗುವ ಮೊದಲು ಎದ್ದು ಬಂದೆ.

ಭಾವ ಹಳ್ಳದವರೆಗೆ ಜೊತೆಗೆ ಬಂದರು. "ಅಂದಿನಿಂದ ಸೆಟ್ಟಿನ ವೈರ್ ಕಿತ್ತು ಇಟ್ಟಾಳ," ಅಂದರು. "ನಾಳೆ ಮುಂಜಾನೆ ಏಳಕ್ಕ ನಾ ಬ್ಯಾಟರಿಗೆ ಹಚ್ಚಿ ಹೊಲಕ್ಕ ಹೋಗಿಬಿಡ್ತೇನಿ. ಆಕಿ ಮತ್ತ ಕಿತ್ತಿದ್ರ ನನ್ನ ಕೇಳಬ್ಯಾಡ. ಮುಂದಿಂದು ನಿಂದು, ಆಕಿದು."

ಮರುದಿನ ಏಳು ಗಂಟೆಗೆ ಮೈಕು ಹಿಡಿದೆ. ಮೂವತ್ತು ವರ್ಷ ಸಾಲಿಯಲ್ಲಿ ಒದರಿದವಳು ಆಡುವ ಮಾತನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡಿದ್ದೆ. ಗುಂಡಿ ಒತ್ತಿ, ಒಂದು ಉಸಿರು ತಡೆದು ಶುರು ಮಾಡಿದೆ. "ಇವತ್ತ ಸುದ್ದಿ ಇಲ್ಲ. ಅಕ್ಕಾ, ನಂದು ತಪ್ಪಾತು. ಬಸ್ಸಿಂದೂ ತಪ್ಪ, ಒಲಿ ಮಾತೂ ತಪ್ಪ. ಮಂದಿ ಮುಂದ ಅಂದೇನಿ, ಮಂದಿ ಮುಂದ ಹೊಟ್ಟಿಗೆ ಹಾಕ್ಕೊ ಅಂತ ಕೇಳ್ತೇನಿ. ಓವರ್."

ಗುಂಡಿ ಬಿಟ್ಟೆ. ಸ್ಕ್ವೆಲ್ಚ್ ತಿರುಪನ್ನು ಪೂರ್ತಿ ತಿರುವಿ ತೆರೆದಿಟ್ಟಿದ್ದೆ, ಎಷ್ಟು ಸಣ್ಣ ದನಿ ಬಂದರೂ ತಪ್ಪಿಹೋಗಬಾರದು ಅಂತ. ಸರ್ ಅನ್ನುವ ಸದ್ದು ಬಿಟ್ಟರೆ ಏನೂ ಇಲ್ಲ. ಚಾಚಾ, ದಿಬ್ಬದವರು, ಟೆಂಪೊದಲ್ಲಿದ್ದ ನನ್ನ ಗಂಡ, ಎಲ್ಲರೂ ಕೇಳುತ್ತಿದ್ದರು. ಒಬ್ಬರೂ ಗುಂಡಿ ಮುಟ್ಟಲಿಲ್ಲ.

ಮತ್ತೆ ಒತ್ತಿದೆ. "ಒಂದೂರಾಗ ಒಂದು ಕುಂಟ ಎತ್ತಿತ್ತು."

ಒಂದೇ ಮಾತು ಹೇಳಿ ಬಿಟ್ಟೆ. ಕಾದೆ. ಸರ್ ಅನ್ನುವುದೇ.

"ಅದಕ್ಕ ಬಾಗೇವಾಡಿ ಸಂತಿ ನೋಡೂ ಆಸೆ."

ಬಿಟ್ಟೆ. ಕಾದೆ. ಅಂಗಳದಲ್ಲಿ ಕೋಳಿ ಕೆದರುತ್ತಿತ್ತು. ಆಕೆ ವೈರ್ ಕಿತ್ತಿರಬೇಕು ಅಂದುಕೊಂಡೆ. ಮೈಕು ಕೆಳಗಿಟ್ಟು ಎದ್ದುಬಿಡಲೇ ಅನಿಸಿತು. ಆದರೂ ಇನ್ನೊಮ್ಮೆ ಒತ್ತಿದೆ.

"ಮಾಲಕ ಬ್ಯಾಡ ಅಂದ. ಆದ್ರೂ ಎತ್ತು ಹಗ್ಗ ಹರಕೊಂಡು, ಮನಗೂಳಿ ದಾರಿ ಹಿಡೀತು."

ಬಿಟ್ಟೆ. ಸರ್ ಅನ್ನುವ ಸದ್ದು ಟಕ್ಕಂತ ನಿಂತಿತು. ಯಾರೋ ಗುಂಡಿ ಒತ್ತಿದ್ದರು. ಒಂದು ಉಸಿರಿನಷ್ಟು ತಡೆ, ಪಾಠದಲ್ಲಿ ನಾನು ಹೇಳಿದಷ್ಟೇ ತಡೆ.

"ಹೂಂ."

ಅರವತ್ತು ವರ್ಷದ ಹೆಂಗಸು ನಾನು, ಏನು ಮಾಡಿದೆ ಕೇಳಿ. ಕತೆ ಮುಂದುವರಿಸಲೆಂದು ಗುಂಡಿ ಒತ್ತಿದೆ, ಬಾಯಿಂದ ಮಾತು ಹೊರಡಲಿಲ್ಲ. ಕಣ್ಣಲ್ಲಿ ನೀರು, ಮೈಕು ಹಿಡಿದ ಕೈ ಬಿಗಿಯಾಗಿ ಗುಂಡಿಯ ಮೇಲೇ ಉಳಿಯಿತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕಡೆಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋಗಿ ಕೈ ಸಡಿಲಾಯಿತು. ಕೂಡಲೇ ಅಕ್ಕನ ದನಿ ಬಂತು, ಮೂರು ವರ್ಷದ ಮೇಲೆ, ಐದೂ ಸೆಟ್ಟಿಗೆ ಕೇಳುವ ಹಾಗೆ.

"ಗುಂಡಿ ಒತ್ಕೊಂಡು ಸುಮ್ನ ಕುಂದರಬಾರದು ಅಂತ ನೀನ ಪಾಠ ಮಾಡಿದ್ದೆಲ್ಲ? ಕಲಿಯೂದು ಆಗದಿದ್ರ ಸೆಟ್ ಬಂದ್ ಮಾಡು. ಇಲ್ಲಾಂದ್ರ ಎತ್ತು ಎಲ್ಲಿ ಮುಟ್ಟಿತು ಹೇಳು. ಈ ಸಲ ನಾ ಮಲಗಂಗಿಲ್ಲ. ಓವರ್."